ಅನುರಣನ ಎಲ್ಲಿರಬೇಕು: ನೀರು ಒಡೆಯುವ ಒಂದು ಸರ್ಕ್ಯೂಟಿನ ಪ್ರಕರಣ ಅಧ್ಯಯನ

ಈ ಪ್ರಕರಣದ ವಸ್ತು ವಿದ್ಯುತ್ತಿನಿಂದ ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆಯುವ ಒಂದು ಪುಟ್ಟ ಕೋಶ. ಸ್ಟೇನ್‌ಲೆಸ್ ಸ್ಟೀಲಿನ ಎರಡು ಕೊಳವೆಗಳು, ಒಂದರೊಳಗೆ ಇನ್ನೊಂದು. ಒಳಗಿನದರ ಹೊರವ್ಯಾಸ 20 ಮಿಲಿಮೀಟರ್, ಸುತ್ತಲೂ 1.5 ಮಿಲಿಮೀಟರ್ ಸಂದು, ನೀರಿನಲ್ಲಿ ಮುಳುಗಿರುವ ಉದ್ದ 100 ಮಿಲಿಮೀಟರ್. ಸಂದಿನ ತುಂಬ ನಲ್ಲಿ ನೀರು. ಉಪ್ಪಾಗಲಿ ಕ್ಷಾರವಾಗಲಿ ಬೆರೆಸಿಲ್ಲ. ಪಲ್ಸ್ ಜನರೇಟರಿನಿಂದ ಹೊರಟ ತರಂಗ ಒಂದು ಸ್ಟೆಪ್‌ಅಪ್ ಟ್ರಾನ್ಸ್‌ಫಾರ್ಮರ್ ದಾಟಿ, ಡಯೋಡ್ ದಾಟಿ, ದಪ್ಪನೆಯ ಚೋಕ್ (ತಂತಿಯ ಸುರುಳಿ, ಅಂದರೆ ಇಂಡಕ್ಟರ್) ಮೂಲಕ ಒಳಕೊಳವೆಗೆ ಬಂದು ಸೇರುತ್ತದೆ. ಕಟ್ಟಿದವರು ಇಬ್ಬರು ಯುವ ಎಂಜಿನಿಯರ್‌ಗಳು. ಕೆಲಸ ಅಚ್ಚುಕಟ್ಟಾಗಿತ್ತು: ಕೊಳವೆಗಳು ನಿಖರವಾಗಿ ಏಕಕೇಂದ್ರದಲ್ಲಿ ಕೂತಿದ್ದವು, ಬೆಸುಗೆಗಳು ಹೊಳೆಯುತ್ತಿದ್ದವು, ಅಳತೆಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕ ಇಲ್ಲದಿದ್ದರೆ ಈ ಅಧ್ಯಯನ ಸಾಧ್ಯವೇ ಆಗುತ್ತಿರಲಿಲ್ಲ.

ಅವರ ಮಾತು ಇಷ್ಟು. ಒಂದು ನಿರ್ದಿಷ್ಟ ಆವರ್ತನಕ್ಕೆ ಬಂದಾಗ ಸರ್ಕ್ಯೂಟಿನ ವೋಲ್ಟೇಜ್ ನೂರಾರು ವೋಲ್ಟಿಗೆ ಜಿಗಿಯುತ್ತದೆ. ಅದೇ ಹೊತ್ತಿಗೆ ಕರೆಂಟ್ ಕುಸಿಯುತ್ತದೆ, ಆದರೂ ಗುಳ್ಳೆ ಬರುತ್ತಲೇ ಇರುತ್ತದೆ. ಸಂಗ್ರಹಿಸಿದ ಅನಿಲವನ್ನು ಅಳೆದರೆ ಹರಿದ ಚಾರ್ಜಿಗೆ ಇಷ್ಟೇ ಅನಿಲ ಎನ್ನುವ ಫ್ಯಾರಡೆ ನಿಯಮ ಹೇಳುವುದಕ್ಕಿಂತ ಮೂರನೇ ಒಂದು ಭಾಗಕ್ಕೂ ಮಿಗಿಲಾಗಿ ಹೆಚ್ಚಿದೆ. "ಸರ್, ಇದರಲ್ಲಿ ತಪ್ಪೆಲ್ಲಿದೆ ಹೇಳಿ, ಇಲ್ಲಾಂದ್ರೆ ಇದು ಸರಿ ಅಂತ ಒಪ್ಪಿಕೊಳ್ಳಿ" ಎಂದು ಅವರಲ್ಲೊಬ್ಬರು ನೇರವಾಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಇಂಥವರಿಗೆ "ಶಕ್ತಿ ಸಂರಕ್ಷಣೆಯ ನಿಯಮ ಓದಿಲ್ಲವೇ" ಎಂದು ಹೇಳಿ ಕಳಿಸುವುದು ಸುಲಭ. ಆದರೆ ಅವರು ಕಣ್ಣಾರೆ ಕಂಡಿದ್ದಕ್ಕೆ ಅದು ಉತ್ತರವಾಗುವುದಿಲ್ಲ. ಮೀಟರು ತೋರಿಸಿದ ಒಂದೊಂದು ಅಂಕಿಗೂ ಒಂದೊಂದು ಕಾರಣ ಇರಲೇಬೇಕು. ಅದನ್ನು ಹುಡುಕಿ ಕೊಡುವುದೇ ನಮ್ಮ ಕೆಲಸ.

ಈ ವಿನ್ಯಾಸದ ಮೂಲ

ಏಕಕೇಂದ್ರ ಕೊಳವೆ, ಡಯೋಡ್, ಅನುರಣನದ ಚೋಕ್ ಎಂಬ ಈ ಜೋಡಣೆ ಅಮೆರಿಕದ ಒಹಾಯೊ ರಾಜ್ಯದ ಗ್ರೋವ್ ಸಿಟಿಯ ಸ್ಟ್ಯಾನ್ಲಿ ಮೇಯರ್ ಅವರದು. 1990ರಲ್ಲಿ ಅವರಿಗೆ ಸಿಕ್ಕ ಅಮೆರಿಕದ ಪೇಟೆಂಟ್ ಸಂಖ್ಯೆ 4,936,961ರಲ್ಲಿ ನೀರನ್ನು ಕೆಪಾಸಿಟರಿನ ನಡುವಿನ ಅವಾಹಕವಾಗಿ ನೋಡಲಾಗಿದೆ. ಚೋಕ್ ಜೊತೆ ಅದು ಅನುರಣಿಸಿದಾಗ, ಅಂದರೆ ಪಲ್ಸಿನ ಆವರ್ತನ ಆ ಜೋಡಿಯ ಸಹಜ ಆವರ್ತನಕ್ಕೆ ಹೊಂದಿಕೊಂಡಾಗ, ವೋಲ್ಟೇಜ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ವಿದ್ಯುತ್ ಕ್ಷೇತ್ರ ನೀರಿನ ಅಣುವನ್ನು ಎಳೆದು ಸೀಳುತ್ತದೆ, ಕರೆಂಟಿನ ಅಗತ್ಯ ಬಹಳ ಕಡಿಮೆ ಎಂಬುದು ಅದರ ವಾದ. ನೀರಿನಿಂದಲೇ ಓಡುತ್ತದೆಂದು ಅವರು ಹೇಳಿಕೊಂಡ ಬಗ್ಗಿ ವಾಹನ ದೊಡ್ಡ ಸುದ್ದಿಯಾಯಿತು. ಹಣ ಹೂಡಿದ ಇಬ್ಬರು ಮೊಕದ್ದಮೆ ಹಾಕಿದರು. ನ್ಯಾಯಾಲಯದ ಪರವಾಗಿ ಪರಿಣತರು ಕೋಶವನ್ನು ನೋಡಿ, ಇದರಲ್ಲಿ ಹೊಸತೇನೂ ಇಲ್ಲ, ನಡೆಯುತ್ತಿರುವುದು ಸಾಮಾನ್ಯ ವಿದ್ಯುದ್ವಿಭಜನೆ ಎಂದರು. 1996ರಲ್ಲಿ ಒಹಾಯೊದ ನ್ಯಾಯಾಲಯ ಇದನ್ನು ಘೋರ ವಂಚನೆ ಎಂದು ತೀರ್ಮಾನಿಸಿ ಹೂಡಿಕೆದಾರರ 25,000 ಡಾಲರ್ ಹಿಂದಿರುಗಿಸಲು ಆದೇಶಿಸಿತು. ಮೇಯರ್ 1998ರಲ್ಲಿ ತೀರಿಕೊಂಡರು. ಮಿದುಳಿನ ರಕ್ತನಾಳ ಊದಿ ಒಡೆದದ್ದೇ ಕಾರಣ ಎಂದು ಶವಪರೀಕ್ಷೆ ಹೇಳಿದರೂ ವಿಷವಿಕ್ಕಿದರೆಂಬ ಗಾಳಿಮಾತು ಇಂದಿಗೂ ನಿಂತಿಲ್ಲ.

ನ್ಯಾಯಾಲಯದ ತೀರ್ಪನ್ನು ತೋರಿಸಿ ಸರ್ಕ್ಯೂಟಿನ ಚರ್ಚೆ ಮುಗಿಸಬಾರದು. ಪೇಟೆಂಟ್ ಸಿಕ್ಕಿದೆ ಎಂದರೆ ಯಂತ್ರ ಕೆಲಸ ಮಾಡುತ್ತದೆ ಎಂದರ್ಥವಲ್ಲ. ಹಾಗೆಯೇ ಒಬ್ಬರು ಮೋಸ ಮಾಡಿದರು ಎಂದಮಾತ್ರಕ್ಕೆ ಒಂದು ಕಲ್ಪನೆ ಭೌತಶಾಸ್ತ್ರದ ದೃಷ್ಟಿಯಿಂದ ಸುಳ್ಳಾಗುವುದೂ ಇಲ್ಲ. ಅದನ್ನು ಲೆಕ್ಕ ಹಾಕಿಯೇ ನೋಡಬೇಕು.

ನೀರು ಎಂಥ ಕೆಪಾಸಿಟರ್?

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸಾಪೇಕ್ಷ ಪರಾವೈದ್ಯುತ ಸ್ಥಿರಾಂಕ (ಬರಿ ಜಾಗಕ್ಕೆ ಹೋಲಿಸಿದರೆ ಕೆಪಾಸಿಟರಿನ ಸಾಮರ್ಥ್ಯವನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಸಂಖ್ಯೆ) ಸುಮಾರು 78. ಬಹಳ ದೊಡ್ಡ ಸಂಖ್ಯೆ, ಆಸೆ ಹುಟ್ಟಿಸುವ ಸಂಖ್ಯೆ. ಮೇಲಿನ ಅಳತೆಯ ಕೋಶಕ್ಕೆ ಲೆಕ್ಕ ಹಾಕಿದರೆ ಧಾರಕತೆ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ) 3.1 ನ್ಯಾನೋಫ್ಯಾರಡ್ ಬರುತ್ತದೆ. ಯುವಕರು ಇಲ್ಲಿಯವರೆಗೆ ಸರಿಯಾಗಿಯೇ ಬಂದಿದ್ದರು. 10 ಕಿಲೋಹರ್ಟ್ಸ್‌ನಲ್ಲಿ ಇದರೊಂದಿಗೆ ಅನುರಣಿಸಲು 81 ಮಿಲಿಹೆನ್ರಿ ಇಂಡಕ್ಟರ್ ಬೇಕು. ಅವರು ಸುತ್ತಿದ ಚೋಕ್ ಸರಿಸುಮಾರು ಅಷ್ಟೇ ಇತ್ತು.

ಅವರ ಪುಸ್ತಕದಲ್ಲಿ ಇಲ್ಲದ್ದು ಇದೇ ಕೋಶದ ರೋಧ. ಅವರು ಬಳಸಿದ ನೀರಿನ ವಾಹಕತೆ ಸೆಂಟಿಮೀಟರಿಗೆ 500 ಮೈಕ್ರೋಸೀಮೆನ್ಸ್ ಆಸುಪಾಸು. ಅದೇ ಕೊಳವೆಗಳ ನಡುವೆ ಆ ನೀರು ಒಡ್ಡುವ ರೋಧ 4.5 ಓಮ್ ಮಾತ್ರ. ಇನ್ನು 10 ಕಿಲೋಹರ್ಟ್ಸ್‌ನಲ್ಲಿ 3.1 ನ್ಯಾನೋಫ್ಯಾರಡಿನ ಪ್ರತಿಘಾತ, ಅಂದರೆ ಏರಿಳಿಯುವ ಕರೆಂಟಿಗೆ ಕೆಪಾಸಿಟರ್ ಒಡ್ಡುವ ತಡೆ, ಎಷ್ಟು? ಸುಮಾರು 5,100 ಓಮ್. ಎರಡೂ ಒಂದಕ್ಕೊಂದು ಸಮಾಂತರವಾಗಿವೆ. ಕರೆಂಟ್ ಯಾವ ದಾರಿ ಹಿಡಿಯುತ್ತದೆ ಎಂದು ಹೇಳಲು ಹೆಚ್ಚು ಯೋಚಿಸಬೇಕಿಲ್ಲ: ಸಾವಿರಕ್ಕೆ ಒಂದು ಪಾಲೂ ಕೆಪಾಸಿಟರಿನ ದಾರಿಯಲ್ಲಿ ಹೋಗುವುದಿಲ್ಲ. ಅನುರಣನದ ಗುಣಾಂಕ, ಅಂದರೆ ಎಲ್ಲರೂ ಕ್ಯೂ ಎಂದು ಕರೆಯುವ ಸಂಖ್ಯೆ, ಇಲ್ಲಿ 0.0009. ಒಂದು ಸರ್ಕ್ಯೂಟ್ ಗುಂಯ್ಗುಡಬೇಕಾದರೆ ಅದು ಅರ್ಧಕ್ಕಿಂತ ಮೇಲಿರಬೇಕು. ತೂತು ಮಡಕೆಗೆ ನೀರು ತುಂಬಿದಂತೆ, ಈ ಕೆಪಾಸಿಟರಿಗೆ ಎಷ್ಟು ಚಾರ್ಜ್ ಸುರಿದರೂ ನಿಲ್ಲುವುದಿಲ್ಲ. ಸುಮಾರು 14 ನ್ಯಾನೋಸೆಕೆಂಡಿನಲ್ಲಿ ಬಹುಪಾಲು ಸೋರಿ ಹೋಗಿರುತ್ತದೆ.

ಈ ಲೆಕ್ಕದಲ್ಲಿ ಒಂದು ಸೊಗಸಾದ ಅಂಶವಿದೆ. ಪ್ಲೇಟುಗಳನ್ನು ಹತ್ತಿರ ತಂದರೆ ಧಾರಕತೆ ಹೆಚ್ಚುತ್ತದೆ, ಆದರೆ ಅಷ್ಟೇ ಪ್ರಮಾಣದಲ್ಲಿ ರೋಧ ಇಳಿಯುತ್ತದೆ. ಕೊಳವೆ ಉದ್ದ ಮಾಡಿ, ಅಗಲ ಮಾಡಿ, ಹತ್ತು ಕೋಶಗಳನ್ನು ಜೋಡಿಸಿ, ಎರಡರ ಗುಣಲಬ್ಧ ಬದಲಾಗುವುದಿಲ್ಲ. ಅದು ನೀರಿನ ಪರಾವೈದ್ಯುತ ಗುಣವನ್ನು ವಾಹಕತೆಯಿಂದ ಭಾಗಿಸಿದಾಗ ಬರುವ ಸಂಖ್ಯೆ, ಕೋಶದ ಆಕಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹೀಗಾಗಿ "ನಿಮ್ಮ ಕೊಳವೆಯ ಅಳತೆ ಸರಿಯಿಲ್ಲ, ಅದಕ್ಕೇ ಅನುರಣನ ಸಿಗುತ್ತಿಲ್ಲ" ಎಂಬ ಸಲಹೆಗೆ ಆಧಾರವಿಲ್ಲ. ಈ ನಲ್ಲಿ ನೀರು ರೋಧಕವಾಗಿರುವುದನ್ನು ಬಿಟ್ಟು ಕೆಪಾಸಿಟರಿನಂತೆ ವರ್ತಿಸಲು ಶುರುಮಾಡುವುದು 11 ಮೆಗಾಹರ್ಟ್ಸ್ ದಾಟಿದ ಮೇಲೆ.

ಹಾಗಾದರೆ ಅತಿಶುದ್ಧ ನೀರು ಬಳಸಿದರೆ? ಇದು ಗಂಭೀರವಾಗಿ ಉತ್ತರಿಸಬೇಕಾದ ಪ್ರಶ್ನೆ, ಯಾಕೆಂದರೆ ಅಲ್ಲಿ ಚಿತ್ರ ನಿಜಕ್ಕೂ ಬದಲಾಗುತ್ತದೆ. ಅಯಾನುಗಳೆಲ್ಲ ತೆಗೆದ ನೀರಿನ ವಾಹಕತೆ ಸೆಂಟಿಮೀಟರಿಗೆ 0.055 ಮೈಕ್ರೋಸೀಮೆನ್ಸ್. ಇದೇ ಕೋಶದ ರೋಧ ಆಗ 40 ಕಿಲೋಓಮ್. 10 ಕಿಲೋಹರ್ಟ್ಸ್‌ನಲ್ಲಿ ಕ್ಯೂ ಸುಮಾರು 8. ಅನುರಣನ ಸಿಗುತ್ತದೆ! ಆದರೆ ಆ ನೀರು ಗಾಳಿಗೆ ತೆರೆದುಕೊಂಡರೆ ಇಂಗಾಲದ ಡೈಆಕ್ಸೈಡ್ ಹೀರಿ ಹತ್ತಿರ ಹತ್ತಿರ 1 ಮೈಕ್ರೋಸೀಮೆನ್ಸ್‌ಗೆ ಏರುತ್ತದೆ, ಕ್ಯೂ 0.4ಕ್ಕೆ ಬೀಳುತ್ತದೆ. ಸ್ಟೀಲ್ ಕೊಳವೆಯಿಂದ ಕರಗಿ ಬರುವ ಅಯಾನುಗಳು ಅದನ್ನು ಇನ್ನೂ ಕೆಡಿಸುತ್ತವೆ. ಸರಿ, ಹೇಗೋ ಶುದ್ಧತೆ ಕಾಪಾಡಿಕೊಂಡು 1,000 ವೋಲ್ಟ್ ಏರಿಸಿದೆವು ಎಂದೇ ಇಟ್ಟುಕೊಳ್ಳೋಣ. ಅಣುವಿಗೆ ಏನಾಗುತ್ತದೆ?

1.5 ಮಿಲಿಮೀಟರಿಗೆ 1,000 ವೋಲ್ಟ್ ಎಂದರೆ ಮೀಟರಿಗೆ ಸುಮಾರು 6.7 ಲಕ್ಷ ವೋಲ್ಟ್. ಕೇಳಲು ಭಯಂಕರ. ಆದರೆ ಆಮ್ಲಜನಕ ಮತ್ತು ಜಲಜನಕದ ನಡುವಿನ ಬಂಧದ ಉದ್ದ ಒಂದು ನ್ಯಾನೋಮೀಟರಿನ ಹತ್ತನೇ ಒಂದು ಭಾಗ. ಅಷ್ಟು ದೂರದಲ್ಲಿ ಈ ಕ್ಷೇತ್ರ ಒಂದು ಎಲೆಕ್ಟ್ರಾನಿಗೆ ಕೊಡಬಲ್ಲ ಶಕ್ತಿ ಒಂದು ಎಲೆಕ್ಟ್ರಾನ್‌ವೋಲ್ಟಿನ ಹತ್ತು ಲಕ್ಷದಲ್ಲಿ 67 ಭಾಗ. ಆ ಬಂಧ ಮುರಿಯಲು ಬೇಕಾದದ್ದು ಸುಮಾರು 5 ಎಲೆಕ್ಟ್ರಾನ್‌ವೋಲ್ಟ್. ಕೋಣೆಯ ಉಷ್ಣತೆಯಲ್ಲಿ ಅಣುಗಳು ಸುಮ್ಮನೆ ಒಂದಕ್ಕೊಂದು ಢಿಕ್ಕಿ ಹೊಡೆಯುವ ಶಕ್ತಿಯೇ ಈ ಎಳೆತಕ್ಕಿಂತ ನಾನೂರು ಪಟ್ಟಿನ ಹತ್ತಿರವಿದೆ. ಕ್ಷೇತ್ರದ ಎಳೆತದಿಂದ ಅಣು ಸೀಳುವುದಾಗಿದ್ದರೆ ಲೋಟದ ನೀರು ತನ್ನ ಬಿಸಿಯಿಂದಲೇ ಸೀಳಿ ಹೋಗಬೇಕಿತ್ತು.

ಆವರ್ತನದ ಬಗ್ಗೆಯೂ ಒಂದು ಮಾತು ಸೇರಿಸಬೇಕು, ಏಕೆಂದರೆ "ನೀರಿನ ಅನುರಣನ ಆವರ್ತನ" ಎಂಬ ಪದಗುಚ್ಛ ಎಲ್ಲೆಡೆ ಓಡಾಡುತ್ತಿದೆ. ನೀರಿನ ಅಣುವಿನ ಬಂಧಗಳು ಹಿಗ್ಗಿ ಕುಗ್ಗುವ ನಿಜವಾದ ಕಂಪನ ಅವಕೆಂಪು ಪಟ್ಟಿಯಲ್ಲಿದೆ, ಸುಮಾರು 100 ಟೆರಾಹರ್ಟ್ಸ್‌ನಲ್ಲಿ. ಬೆಂಚಿನ ಮೇಲಿನ 10 ಕಿಲೋಹರ್ಟ್ಸ್ ಅದಕ್ಕಿಂತ ಸಾವಿರ ಕೋಟಿ ಪಟ್ಟು ಕೆಳಗೆ. ಮೈಕ್ರೋವೇವ್ ಒಲೆಯ 2.45 ಗಿಗಾಹರ್ಟ್ಸ್ ಕೂಡ ನೀರಿನ ಅನುರಣನವಲ್ಲ. ಅಣುಗಳು ಕ್ಷೇತ್ರದ ಜೊತೆ ಹೊರಳಲು ಹೋಗಿ ಹಿಂದೆ ಬೀಳುವಾಗ ಆಗುವ ನಷ್ಟವೇ ಅಲ್ಲಿ ಬಿಸಿಯಾಗುತ್ತದೆ.

ಹಾಗಾದರೆ ಅವರು ಕಂಡ ಅನುರಣನ ಯಾವುದು?

ಅನುರಣನ ಇದ್ದದ್ದಂತೂ ನಿಜ. ಆಸಿಲೋಸ್ಕೋಪಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಅದು 10 ಕಿಲೋಹರ್ಟ್ಸ್‌ನಲ್ಲಿ ಇರಲಿಲ್ಲ, 56ರ ಹತ್ತಿರ ಇತ್ತು. ಈ ವ್ಯತ್ಯಾಸವನ್ನು ಅವರು ಮುಚ್ಚಿಟ್ಟಿರಲಿಲ್ಲ, ಅದಕ್ಕೆ ವಿವರಣೆಯನ್ನೂ ಕೊಟ್ಟಿದ್ದರು. 81 ಮಿಲಿಹೆನ್ರಿ 56 ಕಿಲೋಹರ್ಟ್ಸ್‌ನಲ್ಲಿ ಅನುರಣಿಸಬೇಕಾದರೆ ಧಾರಕತೆ 100 ಪಿಕೋಫ್ಯಾರಡ್ ಇರಬೇಕು. ಅಂದರೆ ನೀರಿನ ಪರಾವೈದ್ಯುತ ಸ್ಥಿರಾಂಕ 78ರಿಂದ 2.5ಕ್ಕೆ ಇಳಿದಿರಬೇಕು. ಪಲ್ಸುಗಳ ಹೊಡೆತಕ್ಕೆ ನೀರು ಬೇರೊಂದು ಸ್ಥಿತಿಗೆ ಹೋಗಿದೆ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಗಣಿತ ಸರಿಯಾಗಿತ್ತು. ಆದರೆ ನೀರಿನ ಆ ಸ್ಥಿರಾಂಕ ಗಿಗಾಹರ್ಟ್ಸ್ ಮಟ್ಟದವರೆಗೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. 100 ಪಿಕೋಫ್ಯಾರಡ್ ಬೇರೆಲ್ಲಿಂದಲೋ ಬರುತ್ತಿದೆ ಎಂಬುದೇ ಅದರಿಂದ ತಿಳಿಯಬೇಕಾದದ್ದು.

ಬಂದದ್ದು ಚೋಕಿನಿಂದಲೇ. ನೂರಾರು ಸುತ್ತು ತಂತಿಯನ್ನು ಪದರದ ಮೇಲೆ ಪದರವಾಗಿ ಸುತ್ತಿದಾಗ ಸುತ್ತುಗಳ ನಡುವೆ ಪುಟ್ಟ ಪುಟ್ಟ ಧಾರಕತೆಗಳು ಹುಟ್ಟುತ್ತವೆ. ಎಲ್ಲ ಸೇರಿ 100 ಪಿಕೋಫ್ಯಾರಡ್ ಆಗುವುದು ತೀರಾ ಮಾಮೂಲಿ. ಚೋಕ್ ತನ್ನದೇ ಧಾರಕತೆಯೊಂದಿಗೆ ಸಮಾಂತರವಾಗಿ ಅನುರಣಿಸಿದಾಗ ಅದರ ಪ್ರತಿಬಾಧೆ (ಒಟ್ಟು ತಡೆ) ಗಗನಕ್ಕೇರುತ್ತದೆ, ತನ್ನ ಮೂಲಕ ಹಾಯುವ ಕರೆಂಟನ್ನು ತಡೆಯುತ್ತದೆ. ಕರೆಂಟ್ ಕುಸಿತದ ರಹಸ್ಯ ಇಷ್ಟೇ.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಒಳ್ಳೆಯದಿತ್ತು. ಕೋಶವನ್ನು ಬಿಚ್ಚಿ ಪಕ್ಕಕ್ಕಿಟ್ಟು, ಅದರ ಜಾಗದಲ್ಲಿ ಒಂದು 4.7 ಓಮ್ ರೆಸಿಸ್ಟರ್ ಬೆಸುಗೆ ಹಾಕಿದೆವು. ತಂತಿ ಸುತ್ತಿದ ಬಗೆಯದು ಬೇಡ, ಅದಕ್ಕೆ ತನ್ನದೇ ಇಂಡಕ್ಟೆನ್ಸ್ ಇರುತ್ತದೆ ಎಂದು ಫಿಲ್ಮ್ ರೆಸಿಸ್ಟರ್ ಆರಿಸಿದ್ದು. ಆವರ್ತನದ ಗುಂಡಿಯನ್ನು ನಿಧಾನ ತಿರುಗಿಸಿದಾಗ ಅದೇ 56ರ ಬಳಿ ಕರೆಂಟ್ ಅದೇ ರೀತಿ ಕುಸಿಯಿತು, ಟ್ರಾನ್ಸ್‌ಫಾರ್ಮರ್ ಕಡೆಯ ವೋಲ್ಟೇಜ್ ಅದೇ ರೀತಿ ಜಿಗಿಯಿತು. ಸರ್ಕ್ಯೂಟಿನಲ್ಲಿ ಒಂದು ಹನಿ ನೀರಿರಲಿಲ್ಲ. ಇಬ್ಬರೂ ಬಹಳ ಹೊತ್ತು ಪರದೆ ನೋಡುತ್ತಾ ಕೂತರು.

ನೂರಾರು ವೋಲ್ಟಿನ ಕತೆಯೂ ಇಲ್ಲೇ ಬಗೆಹರಿಯಿತು. ಅವರು ಪ್ರೋಬ್ ಹಿಡಿದಿದ್ದದ್ದು ಚೋಕಿನ ಹಿಂದೆ, ಟ್ರಾನ್ಸ್‌ಫಾರ್ಮರಿನ ಕಡೆಗೆ. ಅಲ್ಲಿ ಟ್ರಾನ್ಸ್‌ಫಾರ್ಮರಿನ ಸೋರಿಕೆ ಇಂಡಕ್ಟೆನ್ಸ್ ತನ್ನ ಸುರುಳಿಗಳ ಧಾರಕತೆಯೊಂದಿಗೆ ಗುಂಯ್ಗುಡುತ್ತಿತ್ತು. ಪ್ರೋಬನ್ನು ಕೋಶದ ಎರಡು ಕೊಳವೆಗಳಿಗೇ ನೇರವಾಗಿ ಕೊಟ್ಟಾಗ ಕಂಡದ್ದು ಕೆಲವೇ ವೋಲ್ಟ್. ನೀರಿಗೆ ಆ ನೂರಾರು ವೋಲ್ಟಿನ ಸುದ್ದಿಯೇ ತಲುಪಿರಲಿಲ್ಲ.

ಕರೆಂಟ್ ಕುಸಿದರೂ ಗುಳ್ಳೆ ನಿಲ್ಲಲಿಲ್ಲವಲ್ಲ ಎಂಬ ಆಕ್ಷೇಪ ಉಳಿಯಿತು. ಕೋಶವನ್ನು ಮತ್ತೆ ಜೋಡಿಸಿ, ಕುಸಿತದ ಬಿಂದುವಿನಲ್ಲಿ ನಿಲ್ಲಿಸಿ, ಕೈಕಟ್ಟಿ ಕಾದೆವು. ಸಂದಿನಲ್ಲಿ ಸಿಕ್ಕಿಕೊಂಡಿದ್ದ, ಸ್ಟೀಲಿನ ಮೈಗೆ ಅಂಟಿದ್ದ ಸಣ್ಣ ಗುಳ್ಳೆಗಳು ಒಂದರೊಡನೊಂದು ಕೂಡಿ, ದೊಡ್ಡದಾಗಿ, ಬಿಡಿಸಿಕೊಂಡು ಮೇಲೇಳುತ್ತಿದ್ದವು. ಸ್ವಲ್ಪ ಹೊತ್ತಿಗೆ ಹಾಲಿನಂತಿದ್ದ ನೀರು ಕೆಳಗಿನಿಂದ ತಿಳಿಯಾಗುತ್ತಾ ಬಂತು. ಕೊನೆಗೆ ಅಲ್ಲೊಂದು ಇಲ್ಲೊಂದು ಗುಳ್ಳೆ ಮಾತ್ರ. ಗುಂಡಿ ಬೇಗ ಬೇಗ ತಿರುಗಿಸುವವರಿಗೆ ಇದು ಕಾಣಸಿಗುವುದಿಲ್ಲ.

ಫ್ಯಾರಡೆಗಿಂತ ಹೆಚ್ಚಿನ ಅನಿಲ

ಇದು ಎಲ್ಲಕ್ಕಿಂತ ಗಟ್ಟಿಯಾದ ವಾದವಾಗಿತ್ತು. 1830ರ ದಶಕದಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟದ್ದು ಇದನ್ನು: ವಿದ್ಯುದ್ವಾರದಲ್ಲಿ ಹೊರಬರುವ ವಸ್ತುವಿನ ಪ್ರಮಾಣ ಹಾದುಹೋದ ಚಾರ್ಜಿಗೆ ತಕ್ಕಂತೆ ಇರುತ್ತದೆ. ಒಂದು ಜಲಜನಕ ಅಣುವಿಗೆ ಎರಡು ಎಲೆಕ್ಟ್ರಾನ್. ಒಂದು ಮೋಲ್ ಎಲೆಕ್ಟ್ರಾನಿಗೆ 96,485 ಕೂಲಂಬ್. 1 ಆಂಪಿಯರ್ ಒಂದು ಗಂಟೆ ಹರಿದರೆ 25 ಡಿಗ್ರಿಯಲ್ಲಿ 0.456 ಲೀಟರ್ ಜಲಜನಕ, ಅದರರ್ಧ ಆಮ್ಲಜನಕ, ಒಟ್ಟು 0.684 ಲೀಟರ್ ಒಣ ಅನಿಲ. ಯುವಕರು ಹೋಲಿಸಿದ್ದು ಈ ಸಂಖ್ಯೆಯೊಂದಿಗೆ.

ಆದರೆ ಅವರ ಅಳತೆಯ ಸಿಲಿಂಡರ್ ಕೋಶದ ಪಾತ್ರೆಯೊಳಗೇ ತಲೆಕೆಳಗಾಗಿ ನಿಂತಿತ್ತು, ಆ ನೀರು 60 ಡಿಗ್ರಿಗೆ ಕಾದಿತ್ತು. ಅಷ್ಟು ಬಿಸಿಯಲ್ಲಿ ನೀರಾವಿಯ ಒತ್ತಡ ಸುಮಾರು 20 ಕಿಲೋಪಾಸ್ಕಲ್, ವಾಯುಭಾರದ ಐದನೇ ಒಂದು ಭಾಗ. ಸಿಲಿಂಡರಿನಲ್ಲಿ ಕೂತ ಅನಿಲದಲ್ಲಿ ಐದನೇ ಒಂದು ಪಾಲು ಬರೀ ಹಬೆ. ಉಳಿದದ್ದೂ ಬಿಸಿಗೆ ಹಿಗ್ಗಿರುತ್ತದೆ. ಎರಡನ್ನೂ ಸೇರಿಸಿದರೆ 0.684 ಲೀಟರ್ ಒಣ ಅನಿಲ ಅಲ್ಲಿ 0.95 ಲೀಟರಾಗಿ ಕಾಣುತ್ತದೆ, ಶೇಕಡಾ 39 ಹೆಚ್ಚು. ಅವರ ಪುಸ್ತಕದಲ್ಲಿದ್ದ ಹೆಚ್ಚುವರಿ ಅನಿಲದ ಬಹುಪಾಲು ಇಲ್ಲೇ ಕರಗಿತು. ಇದರ ಮೇಲೆ, ಕರೆಂಟನ್ನು ಅಳೆದದ್ದು ಸಾಧಾರಣ ಮಲ್ಟಿಮೀಟರಿನಲ್ಲಿ. 50-60 ಹರ್ಟ್ಸ್ ಸೈನ್ ತರಂಗಕ್ಕೆಂದು ಮಾಡಿದ ಮೀಟರು ಹತ್ತಾರು ಕಿಲೋಹರ್ಟ್ಸ್‌ನ ಚೂಪು ಪಲ್ಸುಗಳಿಗೆ ಏನು ತೋರಿಸಿದರೂ ನಂಬುವಂತಿಲ್ಲ.

ಮೀಟರಿನ ಜಗಳವನ್ನೇ ಬದಿಗಿಡುವ ಒಂದು ಹಳೆಯ ಉಪಾಯವಿದೆ, ಅದರ ಮೇಲೆ ನನಗೆ ಬಹಳ ಪ್ರೀತಿ. ಚೋಕಿನ ನಂತರ, ಈ ಕೋಶದ ಜೊತೆ ಸರಣಿಯಲ್ಲಿ ಒಂದು ಹಾಫ್‌ಮನ್ ವೋಲ್ಟಾಮೀಟರ್ ಇಡುವುದು: ಶಾಲೆಯ ಪ್ರಯೋಗಾಲಯದಲ್ಲಿ ಎಲ್ಲರೂ ನೋಡಿರುವ, ಮೂರು ಗಾಜಿನ ನಳಿಗೆಯ, ಸಾರರಿಕ್ತ ಗಂಧಕಾಮ್ಲ ತುಂಬಿದ ಉಪಕರಣ. ಸರಣಿಯಲ್ಲಿರುವುದರಿಂದ ಎರಡರಲ್ಲೂ ಹಾಯುವ ಚಾರ್ಜ್ ಒಂದೇ. ಪಲ್ಸ್ ಹೇಗಿದೆ, ಮೀಟರ್ ಸುಳ್ಳು ಹೇಳುತ್ತದೆಯೇ ಎಂಬ ಗೊಡವೆಯೇ ಇಲ್ಲ. ಅನುರಣನದಿಂದ ನೀರು ಬೇರೆ ರೀತಿ ಒಡೆಯುತ್ತಿದ್ದರೆ ಕೊಳವೆ ಕೋಶದ ಅನಿಲ ಹಾಫ್‌ಮನ್ ನಳಿಗೆಗಳಲ್ಲಿ ಕೂಡಿದ ಒಟ್ಟು ಅನಿಲಕ್ಕಿಂತ ಹೆಚ್ಚಿರಲೇಬೇಕು. ಎರಡರ ಅನಿಲವನ್ನೂ ತಣ್ಣೀರಿನ ಮೇಲೆ ಸಂಗ್ರಹಿಸಿದೆವು. ಆವರ್ತನ ಎಲ್ಲಿಟ್ಟರೂ ಎರಡೂ ಜೊತೆಜೊತೆಗೇ ಏರಿದವು. ಕೊಳವೆ ಕೋಶ ಎಂದೂ ಮುಂದೆ ಹೋಗಲಿಲ್ಲ. ತುಸು ಹಿಂದೆಯೇ ಉಳಿಯಿತು. ನಲ್ಲಿ ನೀರಿನ ಕ್ಲೋರೈಡ್ ಒಂದಿಷ್ಟು ಚಾರ್ಜನ್ನು ಕಬಳಿಸುತ್ತದೆ, ಸ್ಟೀಲ್ ಸವೆಯಲು ಒಂದಿಷ್ಟು ಹೋಗುತ್ತದೆ, ಇಕ್ಕಟ್ಟಾದ ಸಂದಿನಲ್ಲಿ ಎರಡು ಅನಿಲಗಳೂ ವಿದ್ಯುದ್ವಾರಗಳ ಮೇಲೆ ಸ್ವಲ್ಪ ಮತ್ತೆ ನೀರಾಗುತ್ತವೆ.

ಪಲ್ಸಿನಿಂದ ಆದ ನಷ್ಟ

ನೀರು ಒಡೆಯುವುದು ಕೊಳವೆಗಳ ನಡುವಿನ ನೀರಿನ ರಾಶಿಯಲ್ಲಿ ಅಲ್ಲವೇ ಅಲ್ಲ. ಲೋಹಕ್ಕೆ ತಾಗಿದ, ಒಂದು ನ್ಯಾನೋಮೀಟರ್ ಆಸುಪಾಸಿನ ಪದರದಲ್ಲಿ. ಅಲ್ಲಿ ಬೀಳುವ ಸುಮಾರು ಒಂದು ವೋಲ್ಟ್ ಅಷ್ಟು ತೆಳುವಾದ ಜಾಗದಲ್ಲಿ ಬೀಳುವುದರಿಂದ ಕ್ಷೇತ್ರ ಮೀಟರಿಗೆ ನೂರು ಕೋಟಿ ವೋಲ್ಟ್ ಮಟ್ಟಕ್ಕೆ ಹೋಗುತ್ತದೆ. ಮೇಯರ್ ಸಾವಿರಾರು ವೋಲ್ಟ್ ಹಾಕಿ ಪಡೆಯಲು ಹೊರಟ ಕ್ಷೇತ್ರಕ್ಕಿಂತ ಸಾವಿರ ಪಟ್ಟು ಬಲವಾದದ್ದನ್ನು ಪ್ರಕೃತಿ ಎರಡು ವೋಲ್ಟಿನೊಳಗೇ ಒದಗಿಸಿಕೊಡುತ್ತದೆ.

ಈ ಪದರಕ್ಕೂ ಧಾರಕತೆ ಇದೆ, ಅದು ನಿಜವಾಗಿಯೂ ದೊಡ್ಡದು: ಚದರ ಸೆಂಟಿಮೀಟರಿಗೆ ಸುಮಾರು 20 ಮೈಕ್ರೋಫ್ಯಾರಡ್. ಈ ಕೋಶದ ಒಂದೊಂದು ಕೊಳವೆಗೆ 1,300 ಮೈಕ್ರೋಫ್ಯಾರಡ್, ಎರಡೂ ಸರಣಿಯಲ್ಲಿ 650. 10 ಕಿಲೋಹರ್ಟ್ಸ್‌ನಲ್ಲಿ ಅದರ ಪ್ರತಿಘಾತ 0.025 ಓಮ್ ಅಷ್ಟೆ. ಕರೆಂಟಿನ ಏರಿಳಿತದ ಭಾಗ ಈ ಪದರವನ್ನು ಅಲುಗಾಡಿಸದೆ, ಒಂದು ಎಲೆಕ್ಟ್ರಾನನ್ನೂ ರಾಸಾಯನಿಕ ಕ್ರಿಯೆಗೆ ಕೊಡದೆ ದಾಟಿಹೋಗಿ, 4.5 ಓಮ್ ನೀರನ್ನು ಕಾಯಿಸುತ್ತದೆ. ಅನಿಲ ಕೊಡುವುದು ಸರಾಸರಿ ಕರೆಂಟ್ ಮಾತ್ರ.

ಲೆಕ್ಕ ಹೀಗಿದೆ. ನಯವಾದ 1 ಆಂಪಿಯರ್ ನೇರ ಕರೆಂಟ್ ಹರಿಸಿದರೆ ನೀರಿನ ರೋಧದಲ್ಲಿ 4.5 ವಾಟ್ ಬಿಸಿಯಾಗುತ್ತದೆ. ಅದೇ 1 ಆಂಪಿಯರ್ ಸರಾಸರಿಯನ್ನು ಕಾಲು ಭಾಗ ಸಮಯ ಮಾತ್ರ ತೆರೆದಿರುವ 4 ಆಂಪಿಯರ್ ಪಲ್ಸುಗಳಾಗಿ ಕೊಟ್ಟರೆ, ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, 18 ವಾಟ್ ಆಗುತ್ತದೆ. ಅನಿಲ ಒಂದು ಹನಿಯೂ ಹೆಚ್ಚುವುದಿಲ್ಲ. ಆ 1 ಆಂಪಿಯರ್ ಕೊಡುವ ಜಲಜನಕದಲ್ಲಿ ಅಡಗಿರುವ ಶಕ್ತಿ 1.48 ವಾಟಿಗೆ ಸಮ. ವಿದ್ಯುದ್ವಾರಗಳಿಗೆ ಬೇಕಾದ ಎರಡು ವೋಲ್ಟ್ ಚಿಲ್ಲರೆ ಸೇರಿಸಿದರೆ ನಯವಾದ ಕರೆಂಟಿನಲ್ಲಿ ದಕ್ಷತೆ ಶೇಕಡಾ 22, ಪಲ್ಸಿನಲ್ಲಿ 7. ನೀರು 60 ಡಿಗ್ರಿಗೆ ಯಾಕೆ ಕಾದಿತ್ತು ಎಂಬುದಕ್ಕೂ ಇಲ್ಲಿ ಉತ್ತರವಿದೆ.

ಕೋಶದ ತಳದಲ್ಲಿ ಕಂದು ಬಣ್ಣದ ಕೆಸರು ಕೂಡಿತ್ತು. ಕಬ್ಬಿಣದ ತುಕ್ಕು ಎಂದುಕೊಂಡು ಬರಿಗೈಯಲ್ಲಿ ತೊಳೆಯುತ್ತಿದ್ದರು. ಸ್ಟೇನ್‌ಲೆಸ್ ಸ್ಟೀಲಿನ ಧನಧ್ರುವ ಸವೆಯುವಾಗ ಆರು ವೇಲೆನ್ಸಿಯ ಕ್ರೋಮಿಯಂ ಹೊರಬರಬಹುದು, ಅದು ಕ್ಯಾನ್ಸರ್‌ಕಾರಕ. ಇನ್ನು ಕೂಡಿಟ್ಟ ಅನಿಲ ಜಲಜನಕ ಮತ್ತು ಆಮ್ಲಜನಕದ 2:1 ಮಿಶ್ರಣ. ಜಲಜನಕಕ್ಕೆ ಬೆಂಕಿ ಹಚ್ಚಲು 0.02 ಮಿಲಿಜೂಲ್ ಕಿಡಿ ಸಾಕು. ನೂರಾರು ವೋಲ್ಟಿನ ತಂತಿಯ ಪಕ್ಕದಲ್ಲಿ ಆ ಸಿಲಿಂಡರ್ ಇಟ್ಟಿದ್ದು ನೋಡಿ ಎದೆ ಝಲ್ಲೆಂದಿತು. ಮೊದಲು ಅದನ್ನು ಬೇರೆ ಕಡೆ ಸರಿಸಿದೆವು, ಕೈಗವಸು ತರಿಸಿದೆವು, ಉಳಿದ ಅಳತೆಗಳೆಲ್ಲ ಆಮೇಲೆ.

ಮರುವಿನ್ಯಾಸ

ಅನುರಣನವನ್ನು ಬಿಡಬೇಕು ಎಂದು ನಾನು ಅವರಿಗೆ ಹೇಳಲಿಲ್ಲ. ಅದನ್ನು ನೀರಿನಿಂದ ಎತ್ತಿ ಪವರ್ ಸಪ್ಲೈ ಒಳಗೆ ಇಡಿ ಎಂದೆ. ಅವರ ಕೈಲಿದ್ದ ಕೌಶಲಕ್ಕೆ ಅದು ಸರಿಯಾದ ಜಾಗ.

ಕೋಶ ಮೊದಲು ಬದಲಾಯಿತು. ಶೇಕಡಾ 30ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ವಾಹಕತೆ ಆ ನಲ್ಲಿ ನೀರಿಗಿಂತ ಸಾವಿರ ಪಟ್ಟಿಗೂ ಹೆಚ್ಚು. ಇದೇ ಆಕಾರದ ಸಂದಿನಲ್ಲಿ ರೋಧ 4.5 ಓಮಿನಿಂದ ಸುಮಾರು 4 ಮಿಲಿಓಮಿಗೆ ಇಳಿಯುತ್ತದೆ. ಸ್ಟೀಲ್ ಕೊಳವೆಗಳ ಬದಲು ನಿಕ್ಕಲ್ ಹಾಳೆಗಳು, ನಡುವೆ ಎರಡು ಅನಿಲಗಳನ್ನು ಬೇರೆಬೇರೆಯಾಗಿಡುವ ಪೊರೆ, ಆರು ಕೋಶಗಳು ಸರಣಿಯಲ್ಲಿ. ಒಂದೊಂದಕ್ಕೆ 2 ವೋಲ್ಟ್, ಒಟ್ಟು 12 ವೋಲ್ಟ್, 10 ಆಂಪಿಯರ್ ಎಂದು ಗುರಿ ಇಟ್ಟುಕೊಂಡೆವು. ಅಂದರೆ 120 ವಾಟಿಗೆ ಗಂಟೆಗೆ 27 ಲೀಟರ್ ಜಲಜನಕ, ದಕ್ಷತೆ ಶೇಕಡಾ 74.

ಆ 120 ವಾಟನ್ನು 48 ವೋಲ್ಟ್ ಮೂಲದಿಂದ ಕೊಡುವುದು ಒಂದು ಎಲ್‌ಎಲ್‌ಸಿ ಅನುರಣನ ಪರಿವರ್ತಕ, ಅಂದರೆ ಇಂಡಕ್ಟರ್ ಮತ್ತು ಕೆಪಾಸಿಟರಿನ ಅನುರಣನ ಬಳಸಿ ವೋಲ್ಟೇಜ್ ಬದಲಿಸುವ ಸರ್ಕ್ಯೂಟ್. ಅರ್ಧ ಸೇತುವೆ (ಸ್ವಿಚ್ ಮಾಡುವ ಎರಡು ಟ್ರಾನ್ಸಿಸ್ಟರುಗಳ ಜೋಡಿ), 2:1 ಟ್ರಾನ್ಸ್‌ಫಾರ್ಮರ್, 1 ಮೈಕ್ರೋಫ್ಯಾರಡ್ ಪಾಲಿಪ್ರೊಪಿಲೀನ್ ಕೆಪಾಸಿಟರ್, 2.5 ಮೈಕ್ರೋಹೆನ್ರಿ ಇಂಡಕ್ಟರ್. ಅನುರಣನ 100 ಕಿಲೋಹರ್ಟ್ಸ್‌ನಲ್ಲಿ. ಪೂರ್ಣ ಹೊರೆಯಲ್ಲಿ ಕ್ಯೂ 0.4ರ ಸುತ್ತ, ಇಂಥ ಪರಿವರ್ತಕಕ್ಕೆ ಹಿತವಾದ ಬೆಲೆ; ಇಲ್ಲಿ ಅದು ಕಡಿಮೆ ಇರುವುದು ಸೋರಿಕೆಯಿಂದಲ್ಲ, ಶಕ್ತಿ ಹೊರೆಗೆ ಹೋಗುತ್ತಿರುವುದರಿಂದ. ಇಲ್ಲಿ ಕೆಪಾಸಿಟರ್ ಸೋರುವುದಿಲ್ಲ, ಅದರ ಬೆಲೆ ಬಿಸಿಗೆ ಅಲುಗುವುದಿಲ್ಲ. ಟ್ರಾನ್ಸಿಸ್ಟರುಗಳು ತಮ್ಮ ಮೇಲಿನ ವೋಲ್ಟೇಜ್ ಸೊನ್ನೆಗೆ ಬಂದಾಗ ಆನ್ ಆಗುವುದರಿಂದ ಸ್ವಿಚಿಂಗ್ ನಷ್ಟ ಬಹುಪಾಲು ತಪ್ಪುತ್ತದೆ. ಅನುರಣನದ ನಿಜವಾದ ಲಾಭ ಇದು. ಹೊರಗೆ ರೆಕ್ಟಿಫೈಯರ್, ಆಮೇಲೆ ಫಿಲ್ಟರ್. ಕೋಶಕ್ಕೆ ಹೋಗುವುದು ಏರಿಳಿತ ಆದಷ್ಟು ಕಡಿಮೆ ಇರುವ ನೇರ ಕರೆಂಟ್.

ಒಂದು ಎಚ್ಚರಿಕೆ ಮಾತ್ರ ಬೇಕಾಯಿತು. ಕೋಶ ರೆಸಿಸ್ಟರಿನಂತೆ ವರ್ತಿಸುವುದಿಲ್ಲ. ಒಂದೂವರೆ ವೋಲ್ಟಿನವರೆಗೆ ಹೆಚ್ಚುಕಡಿಮೆ ಸುಮ್ಮನಿದ್ದು ಆಮೇಲೆ ವೋಲ್ಟೇಜ್ ಚೂರು ಏರಿದರೂ ಕರೆಂಟ್ ನುಗ್ಗುತ್ತದೆ. ಹಾಗಾಗಿ ನಿಯಂತ್ರಣ ಕರೆಂಟಿನ ಮೇಲೆ ಇರಬೇಕು, ವೋಲ್ಟೇಜಿನ ಮೇಲಲ್ಲ. ಅವರ ಮೊದಲ ಪ್ರತಿ ವೋಲ್ಟೇಜ್ ಹಿಡಿದಿಡುವಂತೆ ಬರೆದದ್ದಾಗಿತ್ತು, ದ್ರಾವಣ ಬಿಸಿಯಾದಂತೆ ಕರೆಂಟ್ ಮೇಲಕ್ಕೆ ಜಾರುತ್ತಿತ್ತು. ಶಂಟಿನಿಂದ (ಕರೆಂಟ್ ಅಳೆಯುವ ಪುಟ್ಟ ರೆಸಿಸ್ಟರ್) ಹಿನ್ನುಣಿಕೆ, ಅಂದರೆ ಫೀಡ್‌ಬ್ಯಾಕ್, ಕೊಟ್ಟ ಮೇಲೆ ನಿಂತಿತು.

ಪರಿವರ್ತಕದ ದಕ್ಷತೆ ಶೇಕಡಾ 95 ಸಿಕ್ಕರೆ ಒಟ್ಟಾರೆ 70. ಒಂದು ಕಿಲೋ ಜಲಜನಕಕ್ಕೆ 56 ಯೂನಿಟ್ ವಿದ್ಯುತ್. ಜಲಜನಕದಲ್ಲಿ ಅಡಗಿರುವುದು ಕಿಲೋಗೆ 39.4 ಯೂನಿಟ್, ದೊಡ್ಡ ಕೈಗಾರಿಕಾ ಘಟಕಗಳು 50ರಿಂದ 55ರಲ್ಲಿ ನಡೆಯುತ್ತವೆ. ಉಳಿದ ನಷ್ಟದಲ್ಲಿ ದೊಡ್ಡ ಪಾಲು ಆಮ್ಲಜನಕ ಹೊರಬರುವ ಧ್ರುವದ್ದು: ನಾಲ್ಕು ಎಲೆಕ್ಟ್ರಾನುಗಳ ಆ ನಿಧಾನ ಕ್ರಿಯೆಗೆ ನಿಕ್ಕಲ್ ಕೂಡ ಹೆಚ್ಚುವರಿ ವೋಲ್ಟೇಜ್ ಕೇಳುತ್ತದೆ. ಈಗ ಇಬ್ಬರೂ ನಿಕ್ಕಲ್ ಹಾಳೆಯ ಮೇಲೆ ಕಬ್ಬಿಣ ಬೆರೆತ ನಿಕ್ಕಲ್ ಹೈಡ್ರಾಕ್ಸೈಡಿನ ಲೇಪನ ಕೂರಿಸುವ ಪ್ರಯತ್ನದಲ್ಲಿದ್ದಾರೆ. ಹಾಫ್‌ಮನ್ ವೋಲ್ಟಾಮೀಟರನ್ನು ಮಾತ್ರ ಸರಣಿಯಿಂದ ತೆಗೆದಿಲ್ಲ. ಅದು ತಡೆದುಕೊಳ್ಳುವಷ್ಟಕ್ಕೆ ಕರೆಂಟ್ ತಗ್ಗಿಸಿ, ಹೊಸ ಹಾಳೆ ಹಾಕಿದಾಗಲೆಲ್ಲ ಮೊದಲು ಅದರ ಜೊತೆ ಹೋಲಿಸಿ ನೋಡುತ್ತಾರೆ.